ಇಲಿ ಜ್ವರ: ಮಳೆಗಾಲ ಸುರುವಾದ ಕೂಡ್ಲೆ ಜನ ಕೇಳುವ ಪ್ರಶ್ನೆಗಳು

ಜೂನ್ ಬಂತು ಅಂದ್ರೆ ನಮ್ಮ ಉಡುಪಿ ಕಡೆ ಲ್ಯಾಬಿಗೆ ಬರುವವರ ಬಾಯಲ್ಲಿ ಮೂರೇ ಹೆಸರು, ಡೆಂಗ್ಯೂ, ಮಲೇರಿಯಾ, ಇಲಿ ಜ್ವರ. ಮೊದಲಿನ ಎರಡು ಸೊಳ್ಳೆಯಿಂದ ಅಂತ ಮಕ್ಕಳಿಗೂ ಗೊತ್ತುಂಟು, ಇಲಿ ಜ್ವರದ ವಿಷಯದಲ್ಲಿ ಮಾತ್ರ ಅರ್ಧ ಗೊತ್ತು, ಉಳಿದರ್ಧ ವಾಟ್ಸಾಪ್. ನಾನು ಡಾಕ್ಟ್ರಲ್ಲ, ರಕ್ತ ತೆಗೆಯುವ ಲ್ಯಾಬ್ ಟೆಕ್ನಿಶಿಯನ್. ಸೂಜಿ ಚುಚ್ಚುವ ಹೊತ್ತಲ್ಲಿ, ರಿಪೋರ್ಟ್ ಕೊಡುವ ಹೊತ್ತಲ್ಲಿ ಜನ ಕೇಳುದೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಮದ್ದು ಎಷ್ಟು, ಯಾವಾಗ ಅನ್ನುದನ್ನೆಲ್ಲ ನಿಮ್ಮ ಡಾಕ್ಟ್ರ ಹತ್ರವೇ ಕೇಳಿ ಆಯ್ತಾ.

ಇಲಿ ಜ್ವರ ಅಂದ್ರೆ ಎಂತದು? ಇಲಿ ಕಚ್ಚಿದ್ರೆ ಬರುದಾ?

ಅಲ್ಲ ಮಾರಾಯ್ರೆ. ಕಚ್ಚುದಕ್ಕೂ ಇದಕ್ಕೂ ದೊಡ್ಡ ಸಂಬಂಧ ಇಲ್ಲ, ತೊಂದರೆ ಇರುದು ಇಲಿಯ ಮೂತ್ರದಲ್ಲಿ. ಲೆಪ್ಟೋಸ್ಪೈರಾ ಅಂತ ಒಂದು ಬ್ಯಾಕ್ಟೀರಿಯಾ, ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿ ಇರ್ತದೆ, ಅದು ಇಲಿಯ ಕಿಡ್ನಿಯಲ್ಲಿ ಆರಾಮಲ್ಲಿ ಮನೆ ಮಾಡಿಕೊಂಡಿರ್ತದೆ, ಇಲಿಗೆ ಎಂತದೂ ಆಗುದಿಲ್ಲ, ಆದರೆ ಅದು ಮೂತ್ರ ಮಾಡಿದಲ್ಲೆಲ್ಲ ಈ ಬ್ಯಾಕ್ಟೀರಿಯಾ ಹೊರಗೆ ಬರ್ತದೆ. ಮಳೆ ನೀರು ಅದನ್ನು ತೊಳೆದುಕೊಂಡು ಗದ್ದೆಗೆ, ತೋಡಿಗೆ, ಅಂಗಳಕ್ಕೆ ತರ್ತದೆ. ಆ ನೀರಲ್ಲಿ ನಾವು ಬರಿಗಾಲಲ್ಲಿ ನಿಂತಾಗ ಗಾಯ, ಗೀರು, ಒಡೆದ ಹಿಮ್ಮಡಿ, ನೀರಲ್ಲಿ ನೆನೆದು ನೆನೆದು ಮೆತ್ತಗಾದ ಬೆರಳ ಸಂದು, ಇಂಥ ಜಾಗದಿಂದ ಒಳಗೆ ಹೋಗ್ತದೆ. ಕಣ್ಣು, ಮೂಗು, ಬಾಯಿಗೆ ನೀರು ಹಾರಿದ್ರೂ ಸಾಕು. ಡಾಕ್ಟ್ರುಗಳು ಲೆಪ್ಟೋಸ್ಪೈರೋಸಿಸ್ ಅಂತ ಬರೀತಾರೆ, ಆಸ್ಪತ್ರೆಯಲ್ಲಿ ಎಲ್ರೂ ಲೆಪ್ಟೋ ಅಂತಲೇ ಹೇಳುದು.

ಇಲಿ ಮಾತ್ರವಾ, ದನ ನಾಯಿಯಿಂದಲೂ ಬರ್ತದಾ?

ಬರ್ತದೆ. ಇಲಿ, ಹೆಗ್ಗಣ (ತುಳುವಲ್ಲಿ ಪೆರ್ಗುಡೆ ಅಂತೇವಲ್ಲ ಅದೇ) ಮುಖ್ಯ ಆರೋಪಿಗಳು, ಆದರೆ ದನ, ಎಮ್ಮೆ, ಹಂದಿ, ಆಡು, ನಾಯಿ ಇವುಗಳ ಮೂತ್ರದಲ್ಲಿಯೂ ಇರಬಹುದು. ಹಟ್ಟಿಯಲ್ಲಿ ದನ ಕಂದು ಹಾಕ್ತಾ ಇದ್ರೆ, ಹಾಲು ಇದ್ದಕ್ಕಿದ್ದ ಹಾಗೆ ಕಡಿಮೆಯಾದ್ರೆ ಅದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು, ಹಾಗಾಗಿ ವೆಟರ್ನರಿ ಡಾಕ್ಟ್ರನ್ನು ಕರೆಸಿ, ಕಂದಿದ ಕರುವನ್ನು, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ.

ನಾಯಿ ಸಾಕಿದವರು ಒಂದು ವಿಷಯ ನೋಡ್ಕೊಳ್ಳಿ. ರೇಬೀಸ್ ಇಂಜೆಕ್ಷನ್ ಹಾಕಿಸಿದ್ರೆ ಎಲ್ಲ ಮುಗೀತು ಅಂತ ತುಂಬಾ ಜನ ಇದ್ದಾರೆ, ಅದು ಬೇರೆ, ಲೆಪ್ಟೋದ್ದು ಬೇರೆ. ವರ್ಷಕ್ಕೊಮ್ಮೆ ಹಾಕುವ ಆ ಕಾಂಬೋ ಲಸಿಕೆಯಲ್ಲಿ ಲೆಪ್ಟೋ ಸೇರಿದ್ದು ಉಂಟು, ಸೇರದ್ದೂ ಉಂಟು, ಕೇಳಿಯೇ ಹಾಕಿಸಿ.

ನಮ್ಮ ಕರಾವಳಿಯಲ್ಲೇ ಯಾಕೆ ಇಷ್ಟು?

ಈ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಸಿಹಿ ನೀರು, ಒದ್ದೆ ಮಣ್ಣು, ಸೆಖೆ. ಇದು ಮೂರೂ ನಮ್ಮಲ್ಲಿ ಜೂನ್‌ನಿಂದ ಅಕ್ಟೋಬರ್ ವರೆಗೆ ಧಾರಾಳ ಉಂಟು. ಒಣಗಿದ್ರೆ, ಬಿಸಿಲು ಬಿದ್ರೆ ಅದು ಸಾಯ್ತದೆ, ಆದರೆ ಒದ್ದೆ ಮಣ್ಣಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರ್ತದೆ. ಅದರ ಮೇಲೆ ಬೈಲು ಗದ್ದೆ, ಅಡಿಕೆ ತೋಟದ ಕಣಿ, ಮನೆಗೆ ತಾಗಿ ಹಟ್ಟಿ, ತೆಂಗಿನ ತೋಟದಲ್ಲಿ ಇಲಿ, ಎಲ್ಲ ಒಟ್ಟಿಗೇ ಇದೆ.

ಇದು ಹಳ್ಳಿ ಕಾಯಿಲೆ ಅಂತ ಪೇಟೆಯವರು ನಿರಾಳ ಆಗುದು ಬೇಡ. ನೆರೆ ಬಂದ್ರೆ ಚರಂಡಿ ನೀರು, ಹೆಗ್ಗಣದ ಮಾಟೆ ನೀರು ಎಲ್ಲ ಒಂದೇ. ಮುಂಬೈಯಲ್ಲಿ 2005ರ ಜುಲೈ ನೆರೆ ಆದ ಮೇಲೆ, ಕೇರಳದಲ್ಲಿ 2018ರ ಪ್ರವಾಹ ಆದ ಮೇಲೆ ಇಲಿ ಜ್ವರ ಎದ್ದದ್ದು ಹಾಗೆಯೇ. ನಮ್ಮಲ್ಲಿ ಜೋರು ಮಳೆಗೆ ಕಲ್ಸಂಕ, ಬೈಲಕೆರೆ ಮುಳುಗುದು, ಮಂಗಳೂರಲ್ಲಿ ಕೊಟ್ಟಾರ ಚೌಕಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುದು ಹೊಸತಲ್ಲ. ಆ ನೀರಲ್ಲಿ ಸ್ಕೂಟರ್ ದೂಡಿಕೊಂಡು ಹೋದವರಿಗೂ ರಿಸ್ಕ್ ಉಂಟು.

ನೀರಿಗೆ ಇಳಿದು ಎಷ್ಟು ದಿನ ಕಳೆದ ಮೇಲೆ ಜ್ವರ ಬರುದು?

ಹೆಚ್ಚಾಗಿ 5ರಿಂದ 14 ದಿನದ ಒಳಗೆ, ಆದರೆ 2 ದಿನದಲ್ಲೂ ಬರಬಹುದು, 30 ದಿನ ಆದ ಮೇಲೂ ಬರಬಹುದು. ಇದೇ ದೊಡ್ಡ ಕಿರಿಕಿರಿ, ಯಾಕಂದ್ರೆ ಜ್ವರ ಬರುವ ಹೊತ್ತಿಗೆ ಎರಡು ವಾರ ಹಿಂದೆ ನಾಟಿಗೆ ಹೋದದ್ದು, ಟ್ಯಾಂಕ್ ತೊಳೆದದ್ದು ಯಾರಿಗೂ ನೆನಪಿರುದಿಲ್ಲ. ಡಾಕ್ಟ್ರು ಕೆಲಸ ಎಂತ ಅಂತ ಕೇಳಿದ್ರೆ "ಮನೆಯಲ್ಲೇ ಇರುದು" ಅಂತಾರೆ, ಮತ್ತೆ ನಾವು ರಕ್ತ ತೆಗೀತಾ ಮಾತಾಡ್ಸಿದ್ರೆ ದಿನಾ ಬೆಳಿಗ್ಗೆ ಬರಿಗಾಲಲ್ಲಿ ಹಟ್ಟಿ ತೊಳೆಯುದು ಅವರೇ! ದಯಮಾಡಿ ಹೇಳಿ. ಗದ್ದೆ, ತೋಟ, ಹಟ್ಟಿ, ನೆರೆ ನೀರು, ಚರಂಡಿ, ಸತ್ತ ಇಲಿ, ಎಂತ ಇದ್ರೂ ಕೇಳುವ ಮೊದಲೇ ಡಾಕ್ಟ್ರಿಗೆ ಹೇಳಿಬಿಡಿ. ಟೆಸ್ಟಿಗಿಂತ ಮೊದಲು ಇಲಿ ಜ್ವರ ಹಿಡಿಯುದು ಈ ಒಂದು ಮಾತಿನಿಂದ.

ಲಕ್ಷಣ ಎಂತೆಲ್ಲ?

ಸುರುವಿಗೆ ಯಾವ ಜ್ವರವೂ ಆಗಬಹುದು ಅನ್ನುವ ಹಾಗೆಯೇ ಇರ್ತದೆ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ಚಳಿ ನಡುಕ, ತಲೆನೋವು, ವಾಂತಿ, ಕೆಲವರಿಗೆ ಹೊಟ್ಟೆನೋವು, ಭೇದಿ. ಆದರೆ ಎರಡು ವಿಷಯ ಸ್ವಲ್ಪ ಬೇರೆ. ಒಂದು, ಮೈಕೈ ನೋವು ಅಂದ್ರೆ ಸಾಮಾನ್ಯ ನೋವಲ್ಲ, ಕಾಲಿನ ಮೀನಖಂಡ ಮತ್ತೆ ಸೊಂಟ, ಮೀನಖಂಡವನ್ನು ಒತ್ತಿದ್ರೆ ಜನ ಕಿರುಚ್ತಾರೆ, ನಡೀಲಿಕ್ಕೆ ಆಗುದಿಲ್ಲ ಅಂತಾರೆ. ಎರಡು, ಕಣ್ಣು ಕೆಂಪು, ಆದರೆ ಪಿಸುರು ಇಲ್ಲ, ಕೆಂಗಣ್ಣಿನ ಹಾಗೆ ಅಂಟುದಿಲ್ಲ, ಬಿಳಿ ಭಾಗ ಪೂರ್ತಿ ಕೆಂಪಾಗಿರ್ತದೆ. ಈ ಎರಡೂ ಎಲ್ರಿಗೂ ಬರ್ಬೇಕಂತಿಲ್ಲ, ಬಂದ್ರೆ ಮಾತ್ರ ಅನುಮಾನ ಗಟ್ಟಿ.

ಮತ್ತೊಂದು ಆಟ ಉಂಟು ಇದರದ್ದು. ಕೆಲವರಿಗೆ ಕೆಲವು ದಿನ ಜ್ವರ ಇದ್ದು ಇಳೀತದೆ, ಹುಷಾರಾಯ್ತು ಅಂತ ಪುನಃ ಕೆಲಸಕ್ಕೆ ಹೋಗ್ತಾರೆ, ಎರಡು ಮೂರು ದಿನ ಬಿಟ್ಟು ಜ್ವರ ವಾಪಸ್ ಬರ್ತದೆ, ಈ ಸಲ ಕಾಮಾಲೆಯೋ ಮೂತ್ರ ಕಡಿಮೆಯೋ ಒಟ್ಟಿಗೆ.

ಕಣ್ಣು ಹಳದಿ ಆಗಲೇ ಇಲ್ಲ, ಹಾಗಾದ್ರೆ ಇಲಿ ಜ್ವರ ಅಲ್ಲ ಅಲ್ವಾ?

ಇದು ಅತಿ ಹೆಚ್ಚು ಕೇಳುವ ಪ್ರಶ್ನೆ, ಅತಿ ಅಪಾಯದ ಪ್ರಶ್ನೆ ಸಹ. ಇಲಿ ಜ್ವರ ಬಂದವರಲ್ಲಿ ಹೆಚ್ಚಿನವರಿಗೆ ಕಾಮಾಲೆ ಆಗುವುದೇ ಇಲ್ಲ. 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ಅನ್ನುವ ಡಾಕ್ಟ್ರು ಬರೆದಿಟ್ಟದ್ದು ಕಾಮಾಲೆ, ಕಿಡ್ನಿ ತೊಂದರೆ ಒಟ್ಟಿಗೆ ಇರುವ ಜೋರಿನ ರೂಪವನ್ನು, ಅದಕ್ಕೇ ಈಗಲೂ ವೈಲ್ಸ್ ಡಿಸೀಸ್ ಅಂತಾರೆ, ಜನರ ತಲೆಯಲ್ಲೂ ಅದೇ ಚಿತ್ರ ಕೂತುಬಿಟ್ಟಿದೆ. ಆದರೆ ಶ್ವಾಸಕೋಶದಲ್ಲಿ ರಕ್ತ ಸೋರುವ ಇನ್ನೊಂದು ರೂಪ ಉಂಟು, ಅದು ಹಳದಿ ಇಲ್ಲದೆಯೂ ಬರ್ತದೆ, ಕೆಮ್ಮು, ಉಸಿರು ಕಟ್ಟುದು, ಕಫದಲ್ಲಿ ರಕ್ತ, ಗಂಟೆಗಳ ಲೆಕ್ಕದಲ್ಲಿ ಕೈಮೀರಿ ಹೋಗಬಹುದು. ಹಳದಿ ಆಗ್ಲಿ ನೋಡುವ ಅಂತ ಕಾಯುದು ಅಂದ್ರೆ ಮದ್ದು ಚೆನ್ನಾಗಿ ಕೆಲಸ ಮಾಡುವ ದಿನಗಳನ್ನೇ ಕಳ್ಕೊಳ್ಳುದು.

ಜ್ವರ ಬಂದ ಮರುದಿನವೇ ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು. ಇನ್ನು ಹೆದರ್ಬೇಕಂತಿಲ್ಲ ಅಲ್ವಾ?

ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಸಾಮಾನ್ಯವಾಗಿ ಲ್ಯಾಬಲ್ಲಿ ಮಾಡುದು ಐಜಿಎಂ ಟೆಸ್ಟ್. ಅದು ಹುಡುಕುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಮ್ಮ ಮೈ ತಯಾರು ಮಾಡುವ ಆಂಟಿಬಾಡಿಯನ್ನು, ಮತ್ತೆ ಆ ಆಂಟಿಬಾಡಿ ಟೆಸ್ಟಿಗೆ ಸಿಗುವಷ್ಟು ಆಗ್ಲಿಕ್ಕೆ ಜ್ವರ ಸುರುವಾಗಿ 5ರಿಂದ 7 ದಿನ ಬೇಕು. ಎರಡನೇ ದಿನ ಕೊಟ್ಟ ರಕ್ತದಲ್ಲಿ ಅದು ಇಲ್ಲದಿದ್ರೆ ಆಶ್ಚರ್ಯ ಎಂತದ್ದೂ ಇಲ್ಲ. ಮೊದಲ ವಾರದಲ್ಲಿ ಹಿಡೀಬೇಕಾದ್ರೆ ಪಿಸಿಆರ್ ಟೆಸ್ಟ್, ಅದು ರಕ್ತದಲ್ಲಿರುವ ಬ್ಯಾಕ್ಟೀರಿಯಾದ ಡಿಎನ್ಎಯನ್ನೇ ಹುಡುಕ್ತದೆ, ಆದರೆ ಎಲ್ಲ ಲ್ಯಾಬಲ್ಲಿ ಇರುದಿಲ್ಲ. ಮ್ಯಾಟ್ ಅಂತ ಇನ್ನೊಂದು ಉಂಟು, ಎಲ್ಲದಕ್ಕಿಂತ ನಂಬಿಕೆಯದ್ದು ಅಂತ ಅದನ್ನೇ ಹೇಳ್ತಾರೆ, ಆದರೆ ಅದಕ್ಕೆ ಕೆಲವು ದಿನ ಬಿಟ್ಟು ಎರಡು ಸಲ ರಕ್ತ ತೆಗೆದು ಹೋಲಿಸ್ಬೇಕು, ದೊಡ್ಡ ರೆಫರೆನ್ಸ್ ಲ್ಯಾಬಲ್ಲಿ ಮಾತ್ರ.

ಹಾಗಾಗಿ ಲ್ಯಾಬಿಗೆ ಬಂದಾಗ ಜ್ವರ ಸುರುವಾದ ತಾರೀಕು ಸರಿ ಹೇಳಿ. "ಒಂದು ವಾರ ಆಯ್ತು" ಅಂತ ಅಂದಾಜಿಗೆ ಹೇಳುದು ಬೇಡ. ಅನುಮಾನ ಇದ್ರೆ ಡಾಕ್ಟ್ರು ಕೆಲವು ದಿನ ಬಿಟ್ಟು ಪುನಃ ಮಾಡಿಸಿ ಅಂತಾರೆ, ಅದು ಲ್ಯಾಬಿಗೆ ದುಡ್ಡು ಮಾಡ್ಲಿಕ್ಕೆ ಅಲ್ಲ. ಮತ್ತೆ ಅನುಮಾನ ಗಟ್ಟಿ ಇದ್ರೆ ರಿಪೋರ್ಟಿಗೆ ಕಾಯದೆ ಮದ್ದು ಸುರು ಮಾಡ್ತಾರೆ, ಅದೂ ಸರಿಯೇ.

ಪ್ಲೇಟ್ಲೆಟ್ ಎಷ್ಟುಂಟು ಹೇಳಿ, ಅದೊಂದು ಸಾಕು!

ಸಾಕಾಗುದಿಲ್ಲ. ಡೆಂಗ್ಯೂ ಬಂದು ಬಂದು ಜನರಿಗೆ ಪ್ಲೇಟ್ಲೆಟ್ ಒಂದೇ ಮಂತ್ರ ಆಗಿದೆ. ಇಲಿ ಜ್ವರದಲ್ಲೂ ಅದು ಇಳೀತದೆ, ನಿಜ, ಆದರೆ ಇಲ್ಲಿ ಡಾಕ್ಟ್ರು ಮೊದಲು ಕಣ್ಣು ಹಾಕುದು ಕ್ರಿಯೇಟಿನಿನ್ ಮೇಲೆ, ಕಿಡ್ನಿ ಹೇಗುಂಟು ಅಂತ. ಮತ್ತೆ ಬಿಳಿ ರಕ್ತಕಣ, ಡೆಂಗ್ಯೂದಲ್ಲಿ ಸಾಮಾನ್ಯವಾಗಿ ಕಡಿಮೆ ಆಗ್ತದೆ, ಲೆಪ್ಟೋ ಜೋರಿದ್ರೆ ಹೆಚ್ಚಾಗುದು ಸಾಮಾನ್ಯ. ಲಿವರ್ ಟೆಸ್ಟಲ್ಲೂ ಒಂದು ಗುರುತು ಉಂಟು, ಮಾಮೂಲು ವೈರಲ್ ಜಾಂಡೀಸಲ್ಲಿ ಲಿವರಿಗೆ ಪೆಟ್ಟಾದ್ರೆ ರಕ್ತಕ್ಕೆ ಬರುವ ಎಸ್‌ಜಿಪಿಟಿ ಸಾವಿರದ ಮೇಲೆ ಹಾರಬಹುದು, ಇಲಿ ಜ್ವರದ ಕಾಮಾಲೆಯಲ್ಲಿ ಹಳದಿ ಬಣ್ಣ ಕೊಡುವ ಬಿಲಿರುಬಿನ್ ತುಂಬಾ ಏರಿದ್ರೂ ಎಸ್‌ಜಿಪಿಟಿ ಅಷ್ಟು ಏರುದಿಲ್ಲ. ಇದನ್ನೆಲ್ಲ ಒಟ್ಟಿಗೆ ಓದ್ಬೇಕು, ಹಾಗಾಗಿ ರಿಪೋರ್ಟ್ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕಿ ದುಬೈಯಲ್ಲಿರುವ ಭಾವನ ಹತ್ರ ಕೇಳುದು ಬೇಡ, ಡಾಕ್ಟ್ರಿಗೆ ತೋರಿಸಿ.

ಪಪ್ಪಾಯಿ ಎಲೆ ರಸದ ಬಗ್ಗೆ ಕೇಳುವವರಿಗೆ: ಬ್ಯಾಕ್ಟೀರಿಯಾ ಅದರಿಂದ ಸಾಯುದಿಲ್ಲ.

ಮದ್ದು ಉಂಟಾ?

ಉಂಟು, ಹಳೇ ಮದ್ದೇ, ತುಂಬಾ ದುಬಾರಿಯದ್ದೂ ಅಲ್ಲ. ಇದು ಬ್ಯಾಕ್ಟೀರಿಯಾ ಆದ ಕಾರಣ ಆಂಟಿಬಯೋಟಿಕ್ ಕೆಲಸ ಮಾಡ್ತದೆ, ಡೆಂಗ್ಯೂವಿನ ಹಾಗೆ ಅಲ್ಲ. ಸಣ್ಣ ಮಟ್ಟದಲ್ಲಿದ್ರೆ ಡಾಕ್ಸಿಸೈಕ್ಲಿನ್ ಮಾತ್ರೆ, ಸಾಮಾನ್ಯವಾಗಿ 7 ದಿನ. ಜೋರಿದ್ರೆ ಅಡ್ಮಿಟ್ ಮಾಡಿ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಡಾಕ್ಸಿ ಬದಲು ಅಮಾಕ್ಸಿಸಿಲಿನ್, ಅಜಿಥ್ರೋಮೈಸಿನ್ ಅಂತ ಬೇರೆ ಕೊಡ್ತಾರೆ. ಮೊದಲ ಡೋಸ್ ಆದ ಕೆಲವು ಗಂಟೆಯಲ್ಲಿ ಕೆಲವರಿಗೆ ಚಳಿ, ಜ್ವರ ಇನ್ನೂ ಜಾಸ್ತಿ ಆಗ್ತದೆ, ಬ್ಯಾಕ್ಟೀರಿಯಾ ಒಮ್ಮೆಲೆ ಸತ್ತದ್ದಕ್ಕೆ ಹಾಗಾಗುದು. ಡಾಕ್ಟ್ರಿಗೆ ಹೇಳಿ, ಮದ್ದು ಆಗಿಬರ್ಲಿಲ್ಲ ಅಂತ ನೀವೇ ನಿಲ್ಲಿಸ್ಬೇಡಿ.

ಮೆಡಿಕಲ್ಲಿನಿಂದ ನೋವಿನ ಮಾತ್ರೆ ತಂದು ನುಂಗುದು ಮಾತ್ರ ಖಂಡಿತ ಬೇಡ. ಮೀನಖಂಡ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಂಡ್ರೆ ಮೊದಲೇ ಕಷ್ಟದಲ್ಲಿರುವ ಕಿಡ್ನಿಗೆ ಇನ್ನೊಂದು ಪೆಟ್ಟು. ಜ್ವರಕ್ಕೆ ಪ್ಯಾರಾಸಿಟಮಲ್, ಅದೂ ಡಾಕ್ಟ್ರು ಹೇಳಿದಷ್ಟು.

ಜಾಂಡೀಸಿಗೆ ನಮ್ಮಲ್ಲಿ ನಾಟಿ ಮದ್ದು ಕೊಡುವವರಿದ್ದಾರೆ, ಮೊದಲು ಅಲ್ಲಿಗೆ ಹೋಗಿ ಬರುದಾ?

ನೆಲನೆಲ್ಲಿ, ಪಥ್ಯದ ಗಂಜಿ, ಇದರ ಮೇಲೆ ನಮ್ಮ ಊರಿನವರಿಗೆ ಇರುವ ನಂಬಿಕೆ ನನಗೆ ಗೊತ್ತುಂಟು, ಜಗಳಕ್ಕೆ ಬರುದಿಲ್ಲ. ಹೆಪಟೈಟಿಸ್ ಎ ಥರದ ಜಾಂಡೀಸ್ ಹೆಚ್ಚಿನವರಿಗೆ ವಿಶ್ರಾಂತಿ ತಗೊಂಡ್ರೆ ತಾನಾಗಿಯೇ ವಾಸಿ ಆಗ್ತದೆ, ಮದ್ದು ಕೊಟ್ಟವರಿಗೆ ಹೆಸರು ಬರ್ತದೆ. ಆದರೆ ಇಲಿ ಜ್ವರದ ಕಾಮಾಲೆ ಅಂದ್ರೆ ಕಾಯಿಲೆ ಜೋರಿನ ಹಂತಕ್ಕೆ ಬಂತು ಅಂತ ಅರ್ಥ, ಕಿಡ್ನಿಯೂ ಒಟ್ಟಿಗೆ ಹೋಗ್ತಾ ಇರಬಹುದು. ಹಳದಿ ಕಣ್ಣು, ಜ್ವರ, ಎರಡೂ ಇದ್ರೆ ಅದೇ ದಿನ ಆಸ್ಪತ್ರೆಗೆ. ಒಂದು ಮಾತು ನೆನಪಿಡಿ, ಮಾಮೂಲು ಜಾಂಡೀಸಲ್ಲಿ ಹಳದಿ ಕಾಣುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಇಳಿದಿರ್ತದೆ.

ಯಾವಾಗ ಓಡ್ಬೇಕು, ಎಲ್ಲಿಗೆ?

ಮೂತ್ರ ಕಡಿಮೆ ಆದ್ರೆ ಅಥವಾ ಕಪ್ಪು ಚಹಾದ ಬಣ್ಣಕ್ಕೆ ಬಂದ್ರೆ, ಉಸಿರು ಕಟ್ಟಿದ್ರೆ, ಕಫದಲ್ಲಿ ಅಥವಾ ಮೂಗಲ್ಲಿ ರಕ್ತ ಬಂದ್ರೆ, ಕಣ್ಣು ಹಳದಿ ಆದ್ರೆ, ಅರ್ಥ ಇಲ್ಲದ್ದು ಮಾತಾಡಿದ್ರೆ, ನಿಂತ್ರೆ ತಲೆ ತಿರುಗಿ ಬೀಳುವ ಹಾಗಾದ್ರೆ ರಾತ್ರಿ ಹಗಲು ನೋಡ್ಬೇಡಿ, 108ಕ್ಕೆ ಫೋನ್ ಮಾಡಿ. ಸರಕಾರಿ ಬದಿಯಲ್ಲಿ ಮಂಗಳೂರಿಗೆ ವೆನ್ಲಾಕ್, ಉಡುಪಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಮಣಿಪಾಲದ ಕಸ್ತೂರ್ಬಾಕ್ಕೆ ಸುತ್ತಲಿನ ಜಿಲ್ಲೆಗಳಿಂದಲೂ ಜೋರಿನ ಕೇಸ್ ಬರ್ತದೆ. ಇಂಥದ್ದು ಎಂತದೂ ಇಲ್ಲ, ಬರೀ ಜ್ವರ, ಆದರೆ ಗದ್ದೆಗೆ ಇಳಿದದ್ದು ಹೌದು ಅಂತಾದ್ರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದ್ರೆ ಪಿಎಚ್‌ಸಿಯೇ ಸಾಕು, ಆದರೆ ತಡ ಮಾಡ್ಬೇಡಿ.

ಡಯಾಲಿಸಿಸ್ ಹೇಳಿದ್ದಾರೆ, ಇನ್ನು ಜೀವಮಾನ ಇಡೀ ಮಾಡಿಸ್ಬೇಕಾ?

ಇಲ್ಲ, ಇದು ಕೇಳಿ ಮನೆಯವರು ಕುಸಿದು ಹೋಗುದು ನೋಡಿದ್ದೇನೆ. ಶುಗರಿನಿಂದ ವರ್ಷಗಟ್ಟಲೆಯಲ್ಲಿ ಹಾಳಾದ ಕಿಡ್ನಿ ಬೇರೆ, ಇದು ಬೇರೆ. ಇಲ್ಲಿ ಕಿಡ್ನಿ ತಾತ್ಕಾಲಿಕ ನಿಂತದ್ದು, ಬದುಕಿ ಉಳಿದವರಲ್ಲಿ ಹೆಚ್ಚಿನವರಿಗೆ ಕೆಲವು ಸಲ ಡಯಾಲಿಸಿಸ್ ಮಾಡಿದ ಮೇಲೆ ಪುನಃ ಮೂತ್ರ ಸುರುವಾಗಿ ಸರಿ ಆಗ್ತದೆ. ಬೇಡ ಅಂತ ಮನೆಗೆ ಕರ್ಕೊಂಡು ಹೋಗ್ಬೇಡಿ.

ಮನೆಯವರಿಗೆ ಹರಡ್ತದಾ? ತಟ್ಟೆ ಲೋಟ ಬೇರೆ ಮಾಡ್ಬೇಕಾ?

ಬೇಡ. ಮನುಷ್ಯರಿಂದ ಮನುಷ್ಯರಿಗೆ ಬರುದು ತೀರಾ ಅಪರೂಪ. ರೋಗಿಯ ಮೂತ್ರ ಮುಟ್ಟುವವರು ಗ್ಲೌಸ್ ಹಾಕಿ ಕೈ ತೊಳೆದ್ರೆ ಆಯ್ತು. ಆದರೆ ಒಂದೇ ಹಟ್ಟಿ, ಒಂದೇ ಗದ್ದೆಯಲ್ಲಿ ಕೆಲಸ ಮಾಡಿದ ಬೇರೆಯವರಿಗೂ ಜ್ವರ ಬಂದ್ರೆ ಅದು ಅಂಟಿದ್ದಲ್ಲ, ಅದೇ ನೀರಿನಿಂದ ಬಂದದ್ದು, ಅವರೂ ತೋರಿಸ್ಬೇಕು.

ಗದ್ದೆಗೆ ಇಳಿಯದೆ ಹೊಟ್ಟೆಗೆ ಎಂತ ತಿನ್ನುದು? ನಮ್ಮಂಥವರು ಎಂತ ಮಾಡುದು?

ಇಳೀರಿ, ಇಳಿಬೇಡಿ ಅಂತ ಯಾರೂ ಹೇಳುದಿಲ್ಲ. ಗಂಬೂಟು ಹಾಕಿ ಅಂತ ಪೋಸ್ಟರಲ್ಲಿ ಇರ್ತದೆ, ನೇಜಿ ನೆಡುವ ಕೆಸರಲ್ಲಿ ಗಂಬೂಟು ಹಾಕಿದ್ರೆ ಬೂಟು ಅಲ್ಲೇ ಉಳೀತದೆ ಕಾಲು ಮಾತ್ರ ಮೇಲೆ ಬರ್ತದೆ, ಪೋಸ್ಟರ್ ಮಾಡಿದವರು ಗದ್ದೆಗೆ ಇಳಿದವರಲ್ಲ ಅಂತ ಕಾಣ್ತದೆ. ಹಟ್ಟಿ ತೊಳೀಲಿಕ್ಕೆ, ತೋಟಕ್ಕೆ, ಚರಂಡಿ ಕ್ಲೀನ್ ಮಾಡ್ಲಿಕ್ಕೆ ಗಂಬೂಟು, ಗ್ಲೌಸ್ ಖಂಡಿತ ಹಾಕಬಹುದು, ಹಾಕಿ. ಗದ್ದೆಗೆ ಆಗುವಂಥದ್ದು ಅಂದ್ರೆ, ಗಾಯ ಇದ್ರೆ ನೀರು ಹೋಗದ ಪ್ಲಾಸ್ಟರ್ ಹಾಕಿ ಇಳಿಯುದು, ಗಾಯ ದೊಡ್ಡದಿದ್ರೆ ಒಣಗುವವರೆಗೆ ಬೇರೆಯವರನ್ನು ಇಳಿಸುದು, ಮೇಲೆ ಬಂದ ಕೂಡ್ಲೆ ಸಾಬೂನು ಹಾಕಿ ತೊಳೆದು ಬೆರಳ ಸಂದು ಒರೆಸುದು, ಕೆಸರು ಕೈಯಲ್ಲಿ ಕಣ್ಣು ಉಜ್ಜದೆ, ಎಲೆ ಅಡಿಕೆ ಬಾಯಿಗೆ ಹಾಕದೆ ಇರುದು. ಈ ಕೊನೆಯದ್ದು ನಮ್ಮವರಿಗೆ ಕಷ್ಟ, ಗೊತ್ತುಂಟು.

ನಾಟಿ, ನೆರೆ ಕ್ಲೀನಿಂಗ್, ಚರಂಡಿ ಕೆಲಸ ಹೀಗೆ ದಿನಾ ನೀರಲ್ಲಿ ಇರುವವರಿಗೆ ಆ ಅವಧಿಗೆ ಮಾತ್ರ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಕ್ರಮ ಉಂಟು. ಪಿಎಚ್‌ಸಿಯಲ್ಲಿ ಕೇಳಿ. ಸ್ವಂತಕ್ಕೆ ತಿನ್ಬೇಡಿ, ಗರ್ಭಿಣಿಯರಿಗೆ, 8 ವರ್ಷದ ಒಳಗಿನ ಮಕ್ಕಳಿಗೆ ಇದು ಸಾಮಾನ್ಯವಾಗಿ ಕೊಡುದಿಲ್ಲ. ಊಟ ಮಾಡಿ ತುಂಬಾ ನೀರು ಕುಡಿದು ನುಂಗ್ಬೇಕು, ನುಂಗಿ ಮಲಗ್ಬಾರ್ದು, ಅನ್ನನಾಳ ಸುಡ್ತದೆ.

ಇಲಿ ಬರುದೇ ತಿನ್ಲಿಕ್ಕೆ, ಹಾಗಾಗಿ ಹಿಂಡಿ ಗೋಣಿ, ಭತ್ತ, ಕೊಬ್ಬರಿ ಮುಚ್ಚಿಡಿ. ಸತ್ತ ಇಲಿಯನ್ನು ಬಾಲ ಹಿಡಿದು ತೋಡಿಗೆ ಬಿಸಾಡ್ಬೇಡಿ, ಕೈಗೆ ಪ್ಲಾಸ್ಟಿಕ್ ಹಾಕಿ ಹೊಂಡ ತೆಗೆದು ಹುಗಿಯಿರಿ.

ಬಾವಿ ನೀರು ಕುಡೀಬಹುದಾ?

ಕುದಿಸಿ ಕುಡಿಯಿರಿ. ನೆರೆ ನೀರು ಬಾವಿಗೆ ನುಗ್ಗಿದ್ರೆ ಬ್ಲೀಚಿಂಗ್ ಪೌಡರ್ ಹಾಕಿಸ್ಬೇಕು, ಎಷ್ಟು ಅಂತ ಪಂಚಾಯತಿನವರಲ್ಲಿ ಅಥವಾ ಆಶಾ ಅಕ್ಕನ ಹತ್ರ ಕೇಳಿ.

ಕೂಲ್‌ಡ್ರಿಂಕ್ಸ್ ಟಿನ್ನಿನ ಮೇಲೆ ಇಲಿ ಮೂತ್ರ ಇತ್ತಂತೆ, ಅದಕ್ಕೆ ಬಾಯಿ ಹಾಕಿ ಕುಡಿದು ಒಬ್ರು ಸತ್ರು ಅಂತ ಮೆಸೇಜ್ ಬಂದಿದೆ?

ಆ ಮೆಸೇಜ್ ನನಗೂ ಬರ್ತದೆ, ಪ್ರತಿ ಸಲ ಸತ್ತವರು ಬೇರೆ ದೇಶದಲ್ಲಿ. ಒಣಗಿದ ತಗಡಿನ ಮೇಲೆ ಈ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕುದಿಲ್ಲ. ತೊಳೆದು ಕುಡಿಯುದು ಒಳ್ಳೆಯದೇ, ಆದರೆ ಅದನ್ನು ಫಾರ್ವರ್ಡ್ ಮಾಡಿ ಬರಿಗಾಲಲ್ಲಿ ಹಟ್ಟಿಗೆ ಹೋಗುದು ಎಂತ ಲೆಕ್ಕ?

ಕೆಸರ್ಡೊಂಜಿ ದಿನಕ್ಕೆ (ಕೆಸರು ಗದ್ದೆ ಆಟಕ್ಕೆ) ಮಕ್ಕಳನ್ನು ಕಳಿಸುದಾ ಬೇಡ್ವಾ?

ಆಟಿ ತಿಂಗಳಲ್ಲಿ ಗದ್ದೆಗೆ ಇಳಿದು ಹಗ್ಗ ಎಳೆಯುದು, ಓಡುದು ಎಲ್ಲ ಚಂದವೇ, ನಾನು ಬೇಡ ಅನ್ನುದಿಲ್ಲ. ಕಾಲಲ್ಲಿ ಗಾಯ ಇದ್ದ ಮಕ್ಕಳನ್ನು ಮಾತ್ರ ದಡದಲ್ಲಿ ನಿಲ್ಲಿಸಿ, ಆಟ ಮುಗಿದ ಮೇಲೆ ಅದೇ ತೋಡಲ್ಲಿ ಮುಳುಗಿ ಏಳುವ ಬದಲು ಒಳ್ಳೆ ನೀರಲ್ಲಿ ಸ್ನಾನ ಮಾಡಿಸಿ, ಮತ್ತೆ ಒಂದು ತಿಂಗಳ ಒಳಗೆ ಜ್ವರ ಬಂದ್ರೆ ಡಾಕ್ಟ್ರಿಗೆ ಗದ್ದೆ ವಿಷಯ ಹೇಳಿ.

ಮಲ್ಪೆ ಬೀಚಲ್ಲಿ ಸ್ನಾನ ಮಾಡಿದ್ರೆ?

ಉಪ್ಪು ನೀರು ಇದಕ್ಕೆ ಆಗಿಬರುದಿಲ್ಲ. ಮೀನಿನ ದಕ್ಕೆಯ ಒದ್ದೆ ನೆಲ, ಬುಟ್ಟಿ ರಾಶಿ, ಚರಂಡಿ ಬೇರೆ ವಿಷಯ, ಅಲ್ಲಿ ಹೆಗ್ಗಣಕ್ಕೆ ಬರಗಾಲ ಇಲ್ಲ.

ಮಂಗನ ಕಾಯಿಲೆ, ಇದು ಎರಡೂ ಒಂದೇನಾ?

ಅಲ್ಲ. ಮಂಗನ ಕಾಯಿಲೆ ವೈರಸ್, ಉಣುಗು ಕಚ್ಚಿ ಬರುದು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮೊದಲು ಸಿಕ್ಕಿದ್ದು, ಹೆಚ್ಚಾಗಿ ಬೇಸಿಗೆ ಬದಿಗೆ ಬರುದು. ಅದಕ್ಕೆ ಆಂಟಿಬಯೋಟಿಕ್ ಆಗುದಿಲ್ಲ.

ಒಮ್ಮೆ ಬಂದು ಹೋದ್ರೆ ಮತ್ತೆ ಬರುದಿಲ್ಲ ಅಲ್ವಾ? ಲಸಿಕೆ ಇಲ್ವಾ?

ಬರಬಹುದು. ಈ ಬ್ಯಾಕ್ಟೀರಿಯಾದಲ್ಲಿ ನೂರಾರು ಬಗೆ ಉಂಟು, ಒಂದಕ್ಕೆ ಬಂದ ರಕ್ಷಣೆ ಇನ್ನೊಂದಕ್ಕೆ ಆಗುದಿಲ್ಲ, ಲಸಿಕೆ ಮಾಡುದು ಕಷ್ಟ ಆದದ್ದೂ ಅದೇ ಕಾರಣಕ್ಕೆ. ಕ್ಯೂಬಾ, ಫ್ರಾನ್ಸಿನಲ್ಲೆಲ್ಲ ರಿಸ್ಕ್ ಇರುವವರಿಗೆ ಕೊಡುವ ಲಸಿಕೆ ಉಂಟು, ನಮ್ಮಲ್ಲಿ ಮನುಷ್ಯರಿಗೆ ಸಾಮಾನ್ಯವಾಗಿ ಸಿಗುವಂಥದ್ದು ಇಲ್ಲ. ಹಾಗಾಗಿ ಹೋದ ವರ್ಷ ಬಂದು ಹೋಗಿದೆ ಅಂತ ಈ ವರ್ಷದ ಜ್ವರಕ್ಕೆ ನಾಲ್ಕು ದಿನ ಮನೆಯಲ್ಲಿ ಕೂರ್ಬೇಡಿ.